ಗ್ರೌಂಡೂ ಬೇಕು, ಪರೀಕ್ಷೆಯೂ ಬರೀಬೇಕು: ಆಡುವ ಮಕ್ಕಳ ವರ್ಷದ ಲೆಕ್ಕ

ಜೂನ್ ಬಂತೆಂದರೆ ಒಂದು ಪ್ರಶ್ನೆ. ಆಗಸ್ಟ್ ಬಂತೆಂದರೆ ಅದೇ ಪ್ರಶ್ನೆ, ಇನ್ನಷ್ಟು ಗಾಬರಿಯಲ್ಲಿ. "ಮಗಳು ತಾಲ್ಲೂಕಿಗೆ ಫಸ್ಟ್ ಬಂದಿದ್ದಾಳೆ, ಜಿಲ್ಲೆಗೆ ಹೋಗಬೇಕು, ಆದರೆ ಈ ವರ್ಷ ಎಸ್ಸೆಸ್ಸೆಲ್ಸಿ. ಆಟ ಬಿಡಿಸಲಾ?" ಕೇಳುವವರು ಅಪ್ಪ ಅಮ್ಮ, ಒಮ್ಮೊಮ್ಮೆ ಮಕ್ಕಳೇ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಬಿಡಿಸಬೇಡಿ. ಹಾಗಂತ ಎರಡೂ ತಮ್ಮ ಪಾಡಿಗೆ ನಡೆದುಕೊಂಡು ಹೋಗುತ್ತವೆ ಅಂತ ಸುಮ್ನೆ ಕೂತರೂ ಕೆಲಸ ಕೆಡುತ್ತದೆ. ಜಾಸ್ತಿ ಜನ ಇದನ್ನು ದಿನದ ಲೆಕ್ಕದಲ್ಲಿ ನೋಡುತ್ತಾರೆ. ಬೆಳಿಗ್ಗೆ ಎಷ್ಟು ಗಂಟೆ ಗ್ರೌಂಡು, ರಾತ್ರಿ ಎಷ್ಟು ಗಂಟೆ ಓದು ಅಂತ. ದಿನವನ್ನು ಎಷ್ಟು ಎಳೆದರೂ ಅದು ಉದ್ದ ಆಗುವುದಿಲ್ಲ, ಕೊನೆಗೆ ಮಗುವಿನ ನಿದ್ದೆ ಹೋಗುತ್ತದೆ ಅಷ್ಟೇ. ಲೆಕ್ಕ ಹಾಕಬೇಕಾದದ್ದು ವರ್ಷದ್ದು. ಆಟಕ್ಕೊಂದು ಸುಗ್ಗಿ ಇದೆ, ಓದಿಗೊಂದು ಸುಗ್ಗಿ ಇದೆ. ಎರಡೂ ಒಂದೇ ತಿಂಗಳಲ್ಲಿ ಬರುವುದು ಕಡಿಮೆ. ಬಂದಾಗ ಏನು ಮಾಡಬೇಕು ಅನ್ನುವುದಕ್ಕೂ ದಾರಿ ಇದೆ.

ಈ ಮಾತು ಎತ್ತಿದ ಕೂಡಲೇ ಯಾರಾದರೂ ಒಬ್ಬರು "ಕುಂಬ್ಳೆ ಇಂಜಿನಿಯರಿಂಗ್ ಓದಲಿಲ್ವಾ, ಶ್ರೀನಾಥ್ ಓದಲಿಲ್ವಾ" ಅನ್ನುತ್ತಾರೆ. ಓದಿದ್ದಾರೆ, ನಿಜ. ಆದರೆ ಆ ಹೆಸರುಗಳಿಂದ ಮನೆಯ ಮಕ್ಕಳಿಗೆ ಬೈಗುಳ ಸಿಕ್ಕಿದ್ದು ಬಿಟ್ಟರೆ ಬೇರೇನೂ ಸಿಕ್ಕಿದ್ದು ನಾನು ಕಂಡಿಲ್ಲ.

ಶುರು ಮಾಡುವ ಮುಂಚೆ ಇಷ್ಟು ಜೋಡಿಸಿಕೊಳ್ಳಿ: ದೊಡ್ಡ ಚೌಕಗಳಿರುವ ಒಂದು ಗೋಡೆ ಕ್ಯಾಲೆಂಡರ್, ಪ್ಲಾಸ್ಟಿಕ್ ಹಾಳೆಗಳಿರುವ ಒಂದು ಫೈಲು, ಪಿಟಿ ಸರ್ ಮತ್ತು ಕ್ಲಾಸ್ ಟೀಚರ್ ಇಬ್ಬರ ಫೋನ್ ನಂಬರು, ನೋಟ್ಸ್ ಚೆನ್ನಾಗಿ ಬರೆಯುವ ಒಬ್ಬ ಗೆಳೆಯ ಅಥವಾ ಗೆಳತಿ. ದುಡ್ಡಿನ ಖರ್ಚು ನೂರಿನ್ನೂರು. ಗೆಳತಿ ಮಾತ್ರ ದುಡ್ಡಿಗೆ ಸಿಗುವುದಿಲ್ಲ.

1. ವರ್ಷವನ್ನು ಗೋಡೆಗೆ ಹಾಕಿ

ಶಾಲಾ ಕ್ರೀಡಾಕೂಟ ಏಣಿ ಇದ್ದ ಹಾಗೆ. ಕ್ಲಸ್ಟರ್ ಅಥವಾ ಹೋಬಳಿ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ವಿಭಾಗ ಅಂದರೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಈ ನಾಲ್ಕು. ರಾಜ್ಯದಲ್ಲಿ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕೂಟಕ್ಕೆ ಹೋಗುತ್ತಾರೆ. ಅದನ್ನು ನಡೆಸುವುದು ಎಸ್‌ಜಿಎಫ್‌ಐ, ಅಂದರೆ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ. ಅಲ್ಲಿ 14, 17, 19 ವರ್ಷದೊಳಗಿನವರು ಅಂತ ಮೂರು ಗುಂಪು.

ಈ ಏಣಿಯ ಕೆಳಗಿನ ಮೆಟ್ಟಿಲುಗಳು ಸಾಮಾನ್ಯವಾಗಿ ಜುಲೈಯಿಂದ ಸೆಪ್ಟೆಂಬರ್ ಒಳಗೆ, ಮಳೆಯಲ್ಲಿ ಕೆಸರು ತುಳಿದುಕೊಂಡು ಮುಗಿಯುತ್ತವೆ. ಮೇಲಕ್ಕೆ ಹೋದಂತೆ ಅಕ್ಟೋಬರ್, ನವೆಂಬರ್ ಆಗುತ್ತದೆ. ನಡುವೆ ದಸರಾ ಕ್ರೀಡಾಕೂಟ ಇದೆ. ಅದು ಶಿಕ್ಷಣ ಇಲಾಖೆಯದ್ದಲ್ಲ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಇವೆರಡರ ಜೊತೆಗೆ ಆಯಾ ಆಟದ ಅಸೋಸಿಯೇಷನ್‌ಗಳ ಕೂಟಗಳು ಬೇರೆ.

ಕ್ಯಾಲೆಂಡರಿನಲ್ಲಿ ಇದೆಲ್ಲವನ್ನೂ ಒಂದು ಬಣ್ಣದಲ್ಲಿ ಗುರುತು ಮಾಡಿ. ಇನ್ನೊಂದು ಬಣ್ಣದಲ್ಲಿ ಎಫ್‌ಎ, ಎಸ್‌ಎ ಪರೀಕ್ಷೆಗಳು (ಎಫ್‌ಎ ಅಂದರೆ ವರ್ಷದ ನಡುವೆ ಆಗಾಗ ಬರುವ ಕಿರುಪರೀಕ್ಷೆ ಮತ್ತು ಚಟುವಟಿಕೆ, ಎಸ್‌ಎ ಅಂದರೆ ಅರ್ಧವಾರ್ಷಿಕ, ವಾರ್ಷಿಕದಂಥ ದೊಡ್ಡದು), ಹತ್ತನೆಯವರಿಗೆ ಪ್ರಿಪರೇಟರಿ. ನಿಖರ ದಿನಾಂಕ ಜೂನ್‌ನಲ್ಲಿ ಸಿಗುವುದಿಲ್ಲ, ವಾರ ಗುರುತು ಮಾಡಿದರೂ ಸಾಕು. ಮಾಡಿ ನೋಡಿ, ಎರಡು ಬಣ್ಣ ಒಂದರ ಮೇಲೊಂದು ಬೀಳುವ ಜಾಗ ಇಡೀ ವರ್ಷದಲ್ಲಿ ಎರಡೋ ಮೂರೋ ಇರುತ್ತವೆ. ಸಾಮಾನ್ಯವಾಗಿ ಸೆಪ್ಟೆಂಬರ್ ಅಂಥದ್ದು. ನಿಮ್ಮ ನಿಜವಾದ ತೊಂದರೆ ಅಷ್ಟು ವಾರಗಳದ್ದು ಮಾತ್ರ, ಉಳಿದದ್ದು ಭಯ.

ಇಲ್ಲಿ ಆಗುವ ತಪ್ಪು: ಕರೆದ ಕೂಟಕ್ಕೆಲ್ಲ ಹೋಗುವುದು. ಶಾಲೆ, ದಸರಾ, ಅಸೋಸಿಯೇಷನ್, ಪಕ್ಕದ ಊರಿನ ಗಣೇಶನ ಹಬ್ಬದ ಕಪ್ ಪಂದ್ಯ, ಎಲ್ಲಕ್ಕೂ. ಮುಂದಿನ ಹಂತಕ್ಕೆ ಕರೆದುಕೊಂಡು ಹೋಗುವ ಕೂಟ ಯಾವುದು ಅಂತ ಕೋಚ್ ಹತ್ತಿರ ಕೂತು ಆರಿಸಿ. ಹಬ್ಬದ ಪಂದ್ಯ ಖುಷಿಗೆ, ಅದೂ ಭಾನುವಾರ ಇದ್ದರೆ.

2. ಹಾಜರಾತಿ ಎಣಿಸಿ

ಎಸ್ಸೆಸ್ಸೆಲ್ಸಿಗೆ, ಪಿಯುಸಿಗೆ, ಸಿಬಿಎಸ್‌ಇಗೆ, ಎಲ್ಲಕ್ಕೂ ಶೇ. 75 ಹಾಜರಾತಿ ಬೇಕು. ಶಾಲೆ 220 ದಿನ ನಡೆಯಿತು ಅಂದುಕೊಳ್ಳಿ. 165 ದಿನ ಕೂತಿರಬೇಕು, ಕೈಯಲ್ಲಿ ಉಳಿಯುವುದು 55 ದಿನ. ಜಾಸ್ತಿ ಅನಿಸುತ್ತದೆ ಅಲ್ವಾ? ಜ್ವರ, ಅಜ್ಜನ ತಿಥಿ, ಚಿಕ್ಕಮ್ಮನ ಮದುವೆ ಎಲ್ಲ ಕಳೆಯಿರಿ. ಆಮೇಲೆ ಒಂದು ಕೂಟ ಅಂದರೆ ಹೋಗಿ ಬರುವುದೂ ಸೇರಿ ಮೂರರಿಂದ ಐದು ದಿನ, ತರಬೇತಿ ಶಿಬಿರ ಅಂದರೆ ಹತ್ತು ದಿನಕ್ಕೆ ಕಡಿಮೆ ಇಲ್ಲ. ಕ್ಯಾಲೆಂಡರಿನ ಮೂಲೆಯಲ್ಲಿ ತಿಂಗಳಿಗೊಮ್ಮೆ ಹೋದ ದಿನ ಎಷ್ಟು ಅಂತ ಬರೆಯುತ್ತಾ ಬನ್ನಿ. ಜನವರಿಯಲ್ಲಿ ಎಣಿಸಲು ಕೂತರೆ ಅಳುವುದೊಂದೇ ಉಳಿಯುತ್ತದೆ.

ಸಿಬಿಎಸ್‌ಇಯಲ್ಲಿ ರಾಷ್ಟ್ರ, ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡಿದವರಿಗೆ ದಾಖಲೆ ತೋರಿಸಿದರೆ ಹಾಜರಾತಿಯಲ್ಲಿ ರಿಯಾಯಿತಿ ಇದೆ. ತಾಲ್ಲೂಕು, ಜಿಲ್ಲೆಯ ಕಾಗದಕ್ಕೆ ಆ ಬಲ ಇಲ್ಲ.

3. ಹೊರಡುವ ಮುಂಚೆ ಬರೆದು ಕೊಡಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪಿಟಿ ಸರ್‌ಗೆ ಗೊತ್ತಿದೆ ಅಂದರೆ ಇಡೀ ಶಾಲೆಗೆ ಗೊತ್ತಿದೆ ಅಂತ ಅಲ್ಲ. ಗಣಿತದ ಮೇಡಂ ಪಾಲಿಗೆ ನಿಮ್ಮ ಮಗ ಮೂರು ದಿನ ಕ್ಲಾಸಿಗೆ ಬರದವನು, ಅಷ್ಟೇ. ಬಂದ ಮೇಲೆ ಮೆಡಲ್ ತೋರಿಸಿದರೆ ಅವರು ಖುಷಿ ಪಡುತ್ತಾರೆ, ಆದರೆ ತಪ್ಪಿಹೋದ ಟೆಸ್ಟಿನ ಜಾಗದಲ್ಲಿ ಸೊನ್ನೆ ಆಗಲೇ ಬಿದ್ದಿರುತ್ತದೆ. ನನ್ನ ಕಾಲದಲ್ಲಿ ನನಗೆ ಬಿದ್ದಿದೆ, ಅದನ್ನು ಅಳಿಸಲು ಯಾರೂ ಒಪ್ಪಲಿಲ್ಲ.

ಅರ್ಜಿ ಉದ್ದ ಬೇಡ. ಹೀಗೆ ಬರೆಯಿರಿ:

"ಮುಖ್ಯ ಶಿಕ್ಷಕರಿಗೆ, ನನ್ನ ಮಗಳು (ಹೆಸರು, ತರಗತಿ, ವಿಭಾಗ, ಎಸ್‌ಎಟಿಎಸ್ ಸಂಖ್ಯೆ) ಜಿಲ್ಲಾ ಮಟ್ಟದ ಖೋ ಖೋ ಪಂದ್ಯಕ್ಕೆ ಆಯ್ಕೆಯಾಗಿದ್ದಾಳೆ. ಪ್ರಯಾಣವೂ ಸೇರಿ ಈ ದಿನದಿಂದ ಈ ದಿನದವರೆಗೆ ತರಗತಿಗೆ ಬರುವುದಿಲ್ಲ. ಆಯ್ಕೆ ಪತ್ರದ ಪ್ರತಿ ಲಗತ್ತಿಸಿದ್ದೇನೆ. ಈ ದಿನಗಳಲ್ಲಿ ಬರುವ ಕಿರುಪರೀಕ್ಷೆಯನ್ನು ಬೇರೆ ದಿನ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ."

ಎಸ್‌ಎಟಿಎಸ್ ಅಂದರೆ ರಾಜ್ಯದ ಶಾಲೆಗಳಲ್ಲಿ ಪ್ರತಿ ಮಗುವಿಗೂ ಇರುವ ದಾಖಲೆ ಸಂಖ್ಯೆ. ಅರ್ಜಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ವಾಟ್ಸಾಪ್ ಮೆಸೇಜನ್ನು ಅರ್ಜಿ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟೆಸ್ಟ್ ಬೇರೆ ದಿನ ಇಡುವುದು ಶಾಲೆಯ ಮನಸ್ಸಿಗೆ ಬಿಟ್ಟದ್ದು, ಹಕ್ಕು ಅಂತ ಜಗಳಕ್ಕೆ ಹೋಗಬೇಡಿ. ಮೊದಲೇ ಕೇಳಿದವರಿಗೆ ಬಹಳಷ್ಟು ಸಲ ಸಿಗುತ್ತದೆ.

4. ದಿನವನ್ನು ರಾತ್ರಿಯಿಂದ ಹಿಂದಕ್ಕೆ ಎಣಿಸಿ

13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುವುದು ನಿದ್ದೆಯ ವೈದ್ಯರ ಲೆಕ್ಕ. ಬೆಳಿಗ್ಗೆ 5:15ಕ್ಕೆ ಏಳಬೇಕೆಂದರೆ ರಾತ್ರಿ 9:15ಕ್ಕೆ ದೀಪ ಆರಬೇಕು. ಇದನ್ನು ಮೊದಲು ಗುರುತು ಮಾಡಿ, ಉಳಿದದ್ದನ್ನು ಅದರ ಸುತ್ತ ಕೂರಿಸಿ. ನಾವು ಮಾಡುವುದು ಉಲ್ಟಾ: ಗ್ರೌಂಡು, ಶಾಲೆ, ಟ್ಯೂಷನ್, ಹೋಂವರ್ಕ್ ಎಲ್ಲ ಮುಗಿದ ಮೇಲೆ ಉಳಿದದ್ದು ನಿದ್ದೆಗೆ.

ಹೈಸ್ಕೂಲ್ ಮಗುವಿಗೆ ಹೊಂದುವ ಒಂದು ದಿನ ಹೀಗಿರಬಹುದು. 5:45ರಿಂದ 7 ಗ್ರೌಂಡು. ಸ್ನಾನ, ತಿಂಡಿ, ಅರ್ಧ ಗಂಟೆ ಗಣಿತ. ಶಾಲೆ. ಸಂಜೆ 5ರಿಂದ 6:15 ಮತ್ತೆ ಗ್ರೌಂಡು. ಬಂದು ಏನಾದರೂ ತಿಂದು 7ರಿಂದ 8:30 ಓದು. ಊಟ, ನಿದ್ದೆ. ಫೋನ್ ಎಲ್ಲಿ ಬಂತು ಅಂತ ಕೇಳುತ್ತೀರಿ. ಬರಲಿಲ್ಲ, ಅದಕ್ಕೇ ಇದು ಕಷ್ಟ.

ಈಗ ಆಟದ ಗಂಟೆ ಕೂಡಿ. ದಿನಕ್ಕೆ ಎರಡೂವರೆ, ವಾರಕ್ಕೆ ಆರು ದಿನ ಅಂದರೆ 15 ಗಂಟೆ. ಕ್ರೀಡಾ ವೈದ್ಯರಲ್ಲಿ ಒಂದು ಸರಳ ಅಳತೆ ಇದೆ: ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಜಾಸ್ತಿ ತರಬೇತಿ ಬೇಡ. ನಿಮ್ಮ ಮಗುವಿಗೆ 14 ಆಗಿದ್ದರೆ 15 ಆಗಲೇ ಜಾಸ್ತಿ. ವಾರಕ್ಕೆ ಎರಡು ಸಂಜೆ ಬಿಟ್ಟುಬಿಡಿ, ಹನ್ನೆರಡೂವರೆಗೆ ಇಳಿಯುತ್ತದೆ, ಆ ಎರಡು ಸಂಜೆ ವಿಜ್ಞಾನಕ್ಕೆ ಸಿಗುತ್ತದೆ. ಕೋಚ್ ಗೊಣಗಬಹುದು. ಈ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ಗಂಟು ಬಂದು ನೋಯುವುದು, ಹಿಮ್ಮಡಿ ನೋಯುವುದು ಬೆಳೆಯುವ ಮೂಳೆಯ ಮೇಲೆ ಭಾರ ಬಿದ್ದಾಗ ಆಗುವಂಥದ್ದು. ಎರಡು ವಾರ ಬಿಡದೆ ನೋವಿದ್ದರೆ ಸ್ಪ್ರೇ ಹೊಡೆದು ಓಡಿಸಬೇಡಿ, ಡಾಕ್ಟರಿಗೆ ತೋರಿಸಿ.

ಹೊಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಖಾಲಿ ಹೊಟ್ಟೆಯಲ್ಲಿ ಓಡಿ ಬಂದು ಎರಡು ಬಿಸ್ಕತ್ತು ತಿಂದು ಶಾಲೆಗೆ ಹೋದ ಮಗು ಎರಡನೆಯ ಪೀರಿಯಡ್‌ನಲ್ಲಿ ತೂಕಡಿಸುತ್ತದೆ. ಹೋಗುವಾಗ ಬಾಳೆಹಣ್ಣು, ಬಂದ ಮೇಲೆ ಮುದ್ದೆಯೋ ರೊಟ್ಟಿಯೋ ಚಿತ್ರಾನ್ನವೋ ನಿಮ್ಮ ಮನೆಯದ್ದು, ಜೊತೆಗೆ ಮೊಟ್ಟೆ ಅಥವಾ ಕಾಳು. ಬ್ಯಾಗಿನಲ್ಲಿ ಶೇಂಗಾ ಚಿಕ್ಕಿ. ಡಬ್ಬದ ಪ್ರೋಟೀನ್ ಪುಡಿಗೆ ದುಡ್ಡು ಹಾಕಬೇಡಿ.

5. ಪಾಠ ತಪ್ಪಿದಾಗ ಯಾವುದನ್ನು ಮೊದಲು ಹಿಡಿಯಬೇಕು

ಎಲ್ಲ ವಿಷಯವೂ ಒಂದೇ ಥರ ಅಲ್ಲ. ಗಣಿತ ಮೆಟ್ಟಿಲು, ಒಂದು ತಪ್ಪಿದರೆ ಮೇಲಿನದಕ್ಕೆ ಕಾಲು ಸಿಗುವುದಿಲ್ಲ. ವಿಜ್ಞಾನದ ಅರ್ಧ ಭಾಗವೂ ಹಾಗೇ. ಸಮಾಜ, ಭಾಷೆಗಳ ಪಾಠ ಬಿಡಿ ಬಿಡಿಯಾಗಿರುತ್ತದೆ, ಆಮೇಲೆ ಕೂತು ಓದಿದರೂ ತಲೆಗೆ ಹೋಗುತ್ತದೆ. ಹಾಗಾಗಿ ಕೂಟದಿಂದ ಬಂದ ಕೂಡಲೇ ಮೊದಲು ತಪ್ಪಿದ ಗಣಿತ. ಉಳಿದದ್ದು ಭಾನುವಾರಕ್ಕೆ.

ನೋಟ್ಸ್ ಗೆಳತಿ ಇಲ್ಲಿ ಬರುತ್ತಾಳೆ. ಅವಳ ನೋಟ್ಸ್‌ನ ಫೋಟೋ ತೆಗೆದುಕೊಂಡರೆ ಕೆಲಸ ಆಯಿತು ಅಂದುಕೊಳ್ಳುವುದೇ ದೊಡ್ಡ ಮೋಸ. ಆ ಫೋಟೋಗಳನ್ನು ಮಾರ್ಚ್‌ವರೆಗೆ ಯಾರೂ ತೆರೆಯುವುದಿಲ್ಲ. ಬಂದ ಮೂರು ದಿನದೊಳಗೆ ಕೈಯಲ್ಲಿ ಬರೆದುಕೊಳ್ಳಬೇಕು, ಬರೆಯುವಾಗ ಅರ್ಥ ಆಗದ ಸಾಲಿಗೆ ಗೆರೆ ಹಾಕಿ ಟೀಚರ್ ಹತ್ತಿರ ಹೋಗಬೇಕು. "ಮಿಸ್, ಏನೂ ಅರ್ಥ ಆಗ್ಲಿಲ್ಲ" ಅಂದರೆ ಯಾರಿಗೂ ಹೇಳಿಕೊಡಲು ಆಗುವುದಿಲ್ಲ. "ಈ ಮೂರನೇ ಹೆಜ್ಜೆ ಹೇಗೆ ಬಂತು" ಅಂದರೆ ಎರಡು ನಿಮಿಷ ಸಾಕು.

ಕೂಟಕ್ಕೆ ಹೋಗುವಾಗ ಕಿಟ್ ಬ್ಯಾಗಿಗೆ ಐದು ಪಠ್ಯಪುಸ್ತಕ ತುಂಬಿ ಕಳಿಸುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಯಾವುದೋ ಶಾಲೆಯ ಕೊಠಡಿಯಲ್ಲಿ ಸಾಲಾಗಿ ಜಮಖಾನ ಹಾಸಿ ಮೂವತ್ತು ಮಕ್ಕಳು ಮಲಗಿರುತ್ತಾರೆ, ನಾಳೆ ಸೆಮಿಫೈನಲ್ಲು, ಅಲ್ಲಿ ಯಾರು ಪುಸ್ತಕ ತೆರೆಯುತ್ತಾರೆ ಹೇಳಿ? ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಸೂತ್ರಗಳು, ಇಸವಿಗಳು ಇರಲಿ. ಬಸ್ಸಿನಲ್ಲಿ ತೆರೆದರೆ ತೆರೆಯಲಿ.

ಆಂತರಿಕ ಅಂಕ ಮರೆಯಬೇಡಿ. ಎಸ್ಸೆಸ್ಸೆಲ್ಸಿಯ 625ರಲ್ಲಿ 125 ಅಂಕ ಆಂತರಿಕ: ಮೊದಲ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಆಡುವ ಮಕ್ಕಳು ಕಳೆದುಕೊಳ್ಳುವುದು ಇದನ್ನೇ, ಯಾಕೆಂದರೆ ಪ್ರಾಜೆಕ್ಟ್, ಚಟುವಟಿಕೆ ಎಲ್ಲ ಕೂಟದ ತಿಂಗಳಲ್ಲೇ ಬರುತ್ತವೆ. ಪ್ರಾಜೆಕ್ಟಿನ ವಿಷಯವನ್ನು ಜೂನ್, ಜುಲೈಯಲ್ಲೇ ಕೇಳಿ ಮುಗಿಸಿಟ್ಟರೆ ಸೆಪ್ಟೆಂಬರ್ ಹಗುರ.

6. ಹತ್ತನೇ ಕ್ಲಾಸಿನಲ್ಲಿ ಆಟ ಇಳಿಸಿ, ನಿಲ್ಲಿಸಬೇಡಿ

ಜೂನ್‌ನಿಂದ ಅಕ್ಟೋಬರ್‌ವರೆಗೆ ಆಡಲಿ. ರಾಜ್ಯಕ್ಕೆ ಹೋದರೆ ಇನ್ನೊಂದು ತಿಂಗಳು. ಡಿಸೆಂಬರ್‌ನಿಂದ ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. ಗಂಟೆ ಕಡಿಮೆಯಾದರೂ ಜೋರು ಕಡಿಮೆ ಆಗಬಾರದು. ಹತ್ತು ಸುತ್ತು ನಿಧಾನ ಓಡುವ ಬದಲು ಕೆಲವೇ ಓಟ, ಪೂರ್ತಿ ವೇಗದಲ್ಲಿ. ಹೀಗೆ ಮಾಡಿದರೆ ದಮ್ಮು ಅಷ್ಟು ಬೇಗ ಹೋಗುವುದಿಲ್ಲ. ಪೂರ್ತಿ ನಿಲ್ಲಿಸಿದ ಮಗು ಮನೆಯಲ್ಲಿ ನಾಲ್ಕು ತಿಂಗಳು ಸಿಡಿಸಿಡಿ ಅನ್ನುತ್ತಾ ಕೂರುತ್ತದೆ, ಓದುವುದೂ ಅಷ್ಟಕ್ಕಷ್ಟೇ.

ಈ ಮಾತು ಖೋ ಖೋ, ಕಬಡ್ಡಿ, ಓಟ ಇಂಥವಕ್ಕೆ. ಈಜು, ಜಿಮ್ನಾಸ್ಟಿಕ್ಸ್‌ನಲ್ಲಿ ಮಕ್ಕಳು ಬೇಗ ಮೇಲಕ್ಕೆ ಹೋಗುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತದವರಲ್ಲಿ ಎಲ್ಲರಿಗಿಂತ ಚಿಕ್ಕವಳು ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು, ಆಗ 14 ವರ್ಷ, ಒಂಬತ್ತನೇ ಕ್ಲಾಸು. ಅಂಥ ಮಟ್ಟದಲ್ಲಿದ್ದರೆ ಮೂರು ದಿನದ ಲೆಕ್ಕ ನಡೆಯಲ್ಲ, ಕೋಚ್ ಜೊತೆ ಕೂತು ಬೇರೆಯೇ ಯೋಜನೆ ಮಾಡಬೇಕು.

ಇನ್ನೊಂದು ತಪ್ಪು ಏಪ್ರಿಲ್‌ನಲ್ಲಿ ಆಗುತ್ತದೆ. ಪರೀಕ್ಷೆ ಮುಗಿದ ಮಾರನೇ ದಿನವೇ ಬೇಸಿಗೆ ಶಿಬಿರ, ದಿನಕ್ಕೆ ಎರಡು ಹೊತ್ತು. ಕುಳಿತು ಕುಳಿತು ಬಿಗಿಯಾದ ಕಾಲಿನ ಸ್ನಾಯು ಎಳೆದುಕೊಳ್ಳುವುದು ಆಗಲೇ. ಮೂರು ನಾಲ್ಕು ವಾರ ತೆಗೆದುಕೊಂಡು ಹಳೆಯ ಅಳತೆಗೆ ಬನ್ನಿ.

7. ಪರೀಕ್ಷೆ ದಿನವೇ ಪಂದ್ಯ ಬಿದ್ದರೆ

ತಾಲ್ಲೂಕು, ಜಿಲ್ಲೆ ಮಟ್ಟದವರಿಗೆ ಇದು ಬರುವುದೇ ಇಲ್ಲ, ಮಾರ್ಚ್‌ನಲ್ಲಿ ಅವರಿಗೆ ಕೂಟ ಇರುವುದಿಲ್ಲ. ರಾಷ್ಟ್ರೀಯ ಮಟ್ಟದವರಿಗೆ ಬರಬಹುದು.

ಸಿಬಿಎಸ್‌ಇಯಲ್ಲಿ ದಾರಿ ಇದೆ. 2018ರಲ್ಲಿ ಶೂಟರ್ ಅನೀಶ್ ಭನ್ವಾಲಾ ಹತ್ತನೇ ಕ್ಲಾಸಿನಲ್ಲಿದ್ದಾಗ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟಕ್ಕೆ ಹೋಗಬೇಕಿತ್ತು, ಮಂಡಳಿ ಅವನಿಗೆ ಬೇರೆ ದಿನ ಪರೀಕ್ಷೆ ಇಟ್ಟಿತು. 15 ವರ್ಷಕ್ಕೆ ಚಿನ್ನ ತಂದ, ಪರೀಕ್ಷೆಯನ್ನೂ ಬರೆದ. ಇದಕ್ಕೆ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಆ ಕೂಟ ಮಾನ್ಯವಾದದ್ದು ಅಂತ ಸಾಯ್, ಅಂದರೆ ಭಾರತೀಯ ಕ್ರೀಡಾ ಪ್ರಾಧಿಕಾರದ ಪತ್ರ ಬೇಕು, ಕ್ರಿಕೆಟ್ ಆದರೆ ಬಿಸಿಸಿಐ ಪತ್ರ. ಆ ವರ್ಷದ ಸುತ್ತೋಲೆಯಲ್ಲಿ ಕೊನೆಯ ದಿನಾಂಕ ಇರುತ್ತದೆ, ಅದು ತಪ್ಪಿದರೆ ಚಿನ್ನ ಗೆದ್ದವರಿಗೂ ಕಷ್ಟ.

ರಾಜ್ಯ ಮಂಡಳಿಯಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ: ಪರೀಕ್ಷೆ-1, ಕೆಲವು ವಾರ ಬಿಟ್ಟು ಪರೀಕ್ಷೆ-2. ಹಳೆಯ ಕಾಲದ "ಸಪ್ಲಿಮೆಂಟರಿ" ಅನ್ನುವ ಕಳಂಕ ಇದಕ್ಕಿಲ್ಲ. ಪರೀಕ್ಷೆ-2 ಬರೆಯುವ ಯೋಚನೆ ಇದ್ದರೂ ಪರೀಕ್ಷೆ-1ರ ನೋಂದಣಿ ತಪ್ಪಿಸಬೇಡಿ.

ವರ್ಷಕ್ಕೆ ನಾಲ್ಕೈದು ತಿಂಗಳು ಶಿಬಿರದಲ್ಲೇ ಇರುವವರು ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯನ್ನು ಯೋಚಿಸಬಹುದು. ಹತ್ತನೆಯದಕ್ಕೆ ಕನಿಷ್ಠ 14 ವರ್ಷ ಆಗಿರಬೇಕು, ನೋಂದಣಿ 5 ವರ್ಷ ನಡೆಯುತ್ತದೆ, ಅಷ್ಟರಲ್ಲಿ 9 ಸಲ ಪರೀಕ್ಷೆ ಬರೆಯುವ ಅವಕಾಶ. ಆದರೆ ಶಾಲೆ ಬಿಟ್ಟರೆ ಆ ಶಾಲೆಯ ತಂಡದಲ್ಲಿ ಆಡುವ ಅವಕಾಶವೂ ಹೋಗುತ್ತದೆ, ಇದನ್ನು ಆಮೇಲೆ ತಿಳಿದುಕೊಂಡು ಅತ್ತವರಿದ್ದಾರೆ. "ಹೆಸರಿಗೆ ಅಡ್ಮಿಷನ್ ಮಾಡಿಸಿ, ಬರೋದು ಬೇಡ" ಅನ್ನುವ ಡಮ್ಮಿ ಶಾಲೆಗಳ ಹತ್ತಿರವೂ ಸುಳಿಯಬೇಡಿ. ಸಿಬಿಎಸ್‌ಇ ಅಂಥವನ್ನು ಹುಡುಕಿ ಹಿಡಿಯುತ್ತಿದೆ, ಸಿಕ್ಕಿಬಿದ್ದಾಗ ವರ್ಷ ಹೋಗುವುದು ಮಗುವಿನದ್ದು.

ಕ್ರೀಡಾಶಾಲೆಗೆ ಸೇರಿಸಲಾ ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ವಿದ್ಯಾನಗರ, ಕೊಡಗಿನ ಕೂಡಿಗೆ, ಬೆಳಗಾವಿ ಜಿಲ್ಲೆಯ ಚಂದರಗಿ, ಇಂಥ ಕಡೆ ಊಟ, ತರಬೇತಿ, ಓದು ಒಟ್ಟಿಗೆ ನಡೆಯುತ್ತದೆ. ಎತ್ತರ, ಓಟ, ಜಿಗಿತ, ಎಸೆತ ನೋಡಿ ಆಯ್ಕೆ ಮಾಡುತ್ತಾರೆ. ಮನೆ ಬಿಟ್ಟಿರಬಲ್ಲ ಮಗುವಾದರೆ ಒಳ್ಳೆಯದು. ಹತ್ತನೇ ಕ್ಲಾಸಿನ ನಡುವೆ ಮಾತ್ರ ಬೇಡ.

8. ಫೈಲು

ಇದನ್ನು ಕೊನೆಗೆ ಇಟ್ಟಿದ್ದೇನೆ, ಕೊನೆಗೆ ಮಾಡಬೇಡಿ. ಎಂಟನೇ ಕ್ಲಾಸಿನಿಂದ ಶುರು ಮಾಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ, ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್, ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಒಂದಕ್ಷರ ಇದ್ದರೆ ರಾಜ್ಯ ಮಟ್ಟದ ಪರಿಶೀಲನೆಯ ಮೇಜಿನ ಮುಂದೆ ಬೆವರು ಬರುತ್ತದೆ. ತಿದ್ದಿಸುವುದಿದ್ದರೆ ಬೇಸಿಗೆ ರಜೆಯಲ್ಲಿ ತಿದ್ದಿಸಿ. ವಯಸ್ಸು ಕಡಿಮೆ ತೋರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಈಗ ಮೂಳೆಯ ಎಕ್ಸ್‌ರೇ ತೆಗೆದೇ ನೋಡುತ್ತಾರೆ.

ಪ್ರತಿ ಕೂಟದ ಸರ್ಟಿಫಿಕೇಟ್ ಕೈಗೆ ಬಂದ ಕ್ಷಣವೇ ಹೆಸರು, ದಿನಾಂಕ, ಸ್ಥಾನ, ಸಹಿ, ಸೀಲು ನೋಡಿ. ಆರು ತಿಂಗಳ ನಂತರ ಸೀಲು ಹಾಕುವವರು ವರ್ಗವಾಗಿ ಹೋಗಿರುತ್ತಾರೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಅದಕ್ಕೆ ಈ ಕಾಗದಗಳನ್ನು ಕ್ರೀಡಾ ಇಲಾಖೆ ಪರಿಶೀಲಿಸುತ್ತದೆ. ಮುಂದೆ ಕೇಂದ್ರ ಸರ್ಕಾರದ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಹಾಕುವಾಗ, ರಾಷ್ಟ್ರೀಯ ಶಾಲಾ ಕೂಟದಲ್ಲಿ ಆಡಿದ್ದಕ್ಕೆ ಫಾರಂ-4 ಅನ್ನುವ ನಮೂನೆ ಕೇಳುತ್ತಾರೆ. ಆಡಿದವರು ಅದನ್ನು ಆಗಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಇಲ್ಲಿ ದೊಡ್ಡ ಹಳ್ಳ ಒಂದಿದೆ. ಐದೋ ಹತ್ತೋ ಸಾವಿರ ಕಟ್ಟಿಸಿಕೊಂಡು ದೂರದ ಊರಿನಲ್ಲಿ "ನ್ಯಾಷನಲ್ಸ್" ಆಡಿಸಿ, ಹೋದವರಿಗೆಲ್ಲ ಮೆಡಲ್ ಕೊಟ್ಟು ಕಳಿಸುವವರಿದ್ದಾರೆ. ಫೋಟೋ ಚೆನ್ನಾಗಿ ಬರುತ್ತದೆ, ಊರಲ್ಲಿ ಫ್ಲೆಕ್ಸ್ ಕೂಡ ಬೀಳುತ್ತದೆ, ಕೋಟಾದ ಮೇಜಿನ ಮುಂದೆ ಆ ಕಾಗದಕ್ಕೆ ಬೆಲೆ ಇಲ್ಲ. ದುಡ್ಡು ಕಟ್ಟುವ ಮುಂಚೆ ಆ ಫೆಡರೇಷನ್ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ ನೋಡಿ, ಪಿಟಿ ಸರ್‌ನೂ ಒಂದು ಮಾತು ಕೇಳಿ.

ಎಲ್ಲದರ ಎರಡೆರಡು ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿ ನಿಮ್ಮ ಇಮೇಲ್‌ಗೇ ಕಳಿಸಿಕೊಳ್ಳಿ. ಅಸಲಿ ಪ್ರತಿಗೆ ಲ್ಯಾಮಿನೇಷನ್ ಬೇಡ, ಸೀಲು, ಸಹಿ ಮುಟ್ಟಿ ನೋಡಬೇಕು ಅನ್ನುವ ಅಧಿಕಾರಿಗಳಿರುತ್ತಾರೆ. ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕುವ ಆಸೆ ಅಜ್ಜಿಗೆ ಇದ್ದೇ ಇರುತ್ತದೆ, ಅದಕ್ಕೆ ಒಂದು ಕಲರ್ ಜೆರಾಕ್ಸ್ ಕೊಡಿ.